ಬೋರ್‌ವೆಲ್ ನೀರು ಹೇಳಿಕೊಟ್ಟ ಎಣ್ಣೆ ಪಾಠ

ಬಾಣಸವಾಡಿ ಕಡೆ ಪಿಜಿಯಲ್ಲಿರೋರಿಗೆ ಇದು ಗೊತ್ತಿರತ್ತೆ. ಕಾವೇರಿ ನೀರು ಬಂದ ದಿನ ಸೋಪು ಚೆನ್ನಾಗಿ ನೊರೆ ಬಿಡತ್ತೆ. ಬೋರ್‌ವೆಲ್ ನೀರಾದರೆ ಎಷ್ಟು ಉಜ್ಜಿದರೂ ಬಕೆಟ್ ಅಂಚಿಗೆ ಬಿಳಿ ಕೆನೆ ಅಂಟತ್ತೆ, ಅಷ್ಟೇ. ಇದೇ ತಲೆನೋವು ಎಣ್ಣೆ ಬಾವಿಗಳಲ್ಲೂ ಇದೆ.

ಕಲ್ಲಿನೊಳಗಿನ ಎಣ್ಣೆಯನ್ನು ನೀರು ಹಾಯಿಸಿ ತಳ್ಳಿದರೂ ಎಷ್ಟೋ ಹನಿಗಳು ಸಣ್ಣ ರಂಧ್ರಗಳಲ್ಲೇ ಉಳಿಯುತ್ತವೆ. ಯಾಕೆ? ಲೆಕ್ಕ ಹಾಕೋಣ. ಕ್ಯಾಪಿಲರಿ ಸಂಖ್ಯೆ ಅಂದರೆ ವೇಗ × ಸ್ನಿಗ್ಧತೆ ÷ ಎಣ್ಣೆ-ನೀರಿನ ನಡುವಿನ ಸೆಳೆತ. ನೀರು ದಿನಕ್ಕೆ 1 ಅಡಿ ಚಲಿಸಿದರೆ ವೇಗ ಸೆಕೆಂಡಿಗೆ 3.5×10⁻⁶ ಮೀಟರ್. ನೀರಿನ ಸ್ನಿಗ್ಧತೆ 10⁻³ ಪಾಸ್ಕಲ್-ಸೆಕೆಂಡ್, ಸೆಳೆತ ಮೀಟರಿಗೆ 30 ಮಿಲಿನ್ಯೂಟನ್ ಅಂದುಕೊಂಡರೆ ಉತ್ತರ ಸುಮಾರು 10⁻⁷. ಹನಿ ಕದಲಬೇಕಾದರೆ 10⁻⁴ರ ಹತ್ತಿರ ಬೇಕು. ವೇಗವನ್ನು ಸಾವಿರ ಪಟ್ಟು ಮಾಡಲು ಹೋದರೆ ಕಲ್ಲೇ ಬಿರುಕು ಬಿಡತ್ತೆ. ಉಳಿದ ದಾರಿ, ಸೆಳೆತವನ್ನೇ 0.01ಕ್ಕೆ ಇಳಿಸುವುದು. ಆ ಕೆಲಸ ಸರ್ಫ್ಯಾಕ್ಟೆಂಟ್‌ನದು: ತಲೆ ನೀರಿನತ್ತ, ಬಾಲ ಎಣ್ಣೆಯತ್ತ.

ಆದರೆ ಹದ ತಪ್ಪಬಾರದು. ಉಪ್ಪು ಕಮ್ಮಿಯಾದರೆ ಅದು ನೀರಲ್ಲೇ ಉಳಿಯತ್ತೆ, ಜಾಸ್ತಿಯಾದರೆ ಎಣ್ಣೆಗೆ ಸೇರಿಬಿಡತ್ತೆ. ನಡುವಿನ ಹದದಲ್ಲಿ ಮಾತ್ರ ಸೆಳೆತ ಅತಿ ಕಡಿಮೆ. ಒಂದಷ್ಟು ಭಾಗ ಕಲ್ಲಿಗೇ ಅಂಟಿ ನಷ್ಟವಾಗತ್ತೆ. ಅದಕ್ಕೇ ಕ್ಷಾರವನ್ನೂ ಸೇರಿಸುತ್ತಾರೆ. ಅದು ಅಂಟುವುದನ್ನು ತಗ್ಗಿಸತ್ತೆ, ಜೊತೆಗೆ ಎಣ್ಣೆಯಲ್ಲಿರುವ ಆಮ್ಲಗಳೊಡನೆ ಸೇರಿ ಅಲ್ಲೇ ಸೋಪು ತಯಾರಿಸತ್ತೆ. ಆದರೆ ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ನಮ್ಮ ಬಕೆಟ್‌ನ ಕೆನೆಯ ಕಥೆಯೇ! ಹಾಗಾಗಿ ನೀರನ್ನು ಮೊದಲು ಮೆದುಗೊಳಿಸಬೇಕು.

ಭಾರೀ ಎಣ್ಣೆಗೆ ಇಷ್ಟೂ ಸಾಲದು. ತೆಳು ನೀರು ದಪ್ಪ ಎಣ್ಣೆಯನ್ನು ತಳ್ಳುವ ಬದಲು ಬೆರಳುಬೆರಳಾಗಿ ಸೀಳಿಕೊಂಡು ಮುಂದೆ ಓಡಿಬಿಡತ್ತೆ. ನೀರನ್ನು ದಪ್ಪ ಮಾಡಲು ಪಾಲಿಮರ್ ಬೇಕು. ರಾಜಸ್ಥಾನದ ಬಾರ್ಮೇರ್‌ನ ಮಂಗಳಾ ಕ್ಷೇತ್ರದಲ್ಲಿ (2004ರಲ್ಲಿ ಸಿಕ್ಕಿತು, 2009ರಲ್ಲಿ ಉತ್ಪಾದನೆ ಶುರು) ಕ್ಷಾರ, ಸರ್ಫ್ಯಾಕ್ಟೆಂಟ್, ಪಾಲಿಮರ್ ಮೂರನ್ನೂ ಸೇರಿಸಿ ಪ್ರಯೋಗ ಮಾಡಿದ್ದಾರೆ. ಅಲ್ಲಿಯದು ತೀರಾ ಭಾರೀ ಎಣ್ಣೆಯಲ್ಲ, ಮೇಣ ತುಂಬಿದ ಎಣ್ಣೆ. ಆದರೆ ತತ್ವ ಇದೇ.

ಇವತ್ತು ರಾತ್ರಿ ಮಾಡಿ ನೋಡಿ: ಎರಡು ಬಾಟಲಿ, ಒಂದರಲ್ಲಿ ಬೋರ್‌ವೆಲ್ ನೀರು, ಇನ್ನೊಂದರಲ್ಲಿ ಫಿಲ್ಟರ್ ನೀರು. ಎರಡಕ್ಕೂ ಅಷ್ಟೇ ಸ್ನಾನದ ಸೋಪಿನ ತುರಿ, ಒಂದು ಚಮಚ ಅಡುಗೆ ಎಣ್ಣೆ. ಚೆನ್ನಾಗಿ ಕುಲುಕಿ ಇಡಿ. ಎಣ್ಣೆ ಯಾವುದರಲ್ಲಿ ಬೇಗ ಬೇರೆಯಾಗತ್ತೆ ಅಂತ ನೋಡಿದರೆ ವೈವಾದಲ್ಲಿ ಉತ್ತರ ಮರೆಯಲ್ಲ.