ಮಲೆನಾಡಿನ ಮರದ ಬೇಲಿ

ಮಲೆನಾಡಿನಲ್ಲಿ ಬೇಲಿ ಕೆಲಸ ಶುರುವಾಗುವುದು ಮಳೆ ಬಿಟ್ಟ ಮೇಲೆ, ದೀಪಾವಳಿಯ ಆಸುಪಾಸಿನಲ್ಲಿ. ತೀರ್ಥಹಳ್ಳಿ, ಸಾಗರ, ಶಿರಸಿ ಸೀಮೆಗಳ ಹಿತ್ತಿಲು, ತೋಟಗಳಿಗೆ ಕಟ್ಟುವ ಈ ಬೇಲಿಗೆ ಬೇಕಾದದ್ದೆಲ್ಲ ಸುತ್ತಮುತ್ತಲೇ ಸಿಗುತ್ತದೆ: ಗೂಟಕ್ಕೆ ಕಾಡುಮರ, ಅಡ್ಡಕ್ಕೆ ಬಿದಿರಿನ ಗಳ, ನಡುವೆ ತುಂಬಲು ಅಡಿಕೆ ದಬ್ಬೆ, ಬಿಗಿಯಲು ಬಳ್ಳಿ. ಬಳ್ಳಿಯ ಜಾಗಕ್ಕೆ ಈಗ ತಂತಿ ಬಂದಿದೆ.

ಬೇಲಿ ಮೊದಲು ಕೆಡುವ ಜಾಗವೆಂದರೆ ಗೂಟ ನೆಲ ಸೇರುವ ಒಂದು ಗೇಣು. ತೇವವೂ ಗಾಳಿಯೂ ಅಲ್ಲಿ ಒಟ್ಟಿಗೆ ಸಿಗುವುದರಿಂದ ಮರ ಕೊಳೆಸುವ ಶಿಲೀಂಧ್ರ ಅಲ್ಲೇ ಹಿಡಿಯುತ್ತದೆ; ಒರಲೆ ಏರುವುದೂ ಅಲ್ಲಿಂದಲೇ. ಮೇಲೆಲ್ಲ ಗಟ್ಟಿಮುಟ್ಟಾಗಿ ಕಾಣುವ ಗೂಟ, ಹಿಡಿದು ಅಲ್ಲಾಡಿಸಿದರೆ ಆ ಮಟ್ಟಕ್ಕೇ ಮುರಿದು ಬೀಳುತ್ತದೆ. ಆದ್ದರಿಂದ ದಪ್ಪ ನೋಡಿ ಗೂಟ ಆರಿಸುವುದು ತಪ್ಪು, ಚೇಗು, ಅಂದರೆ ಮರದ ಒಳಗಿನ ಗಟ್ಟಿ ಭಾಗ, ನೋಡಬೇಕು. ಬಿಳಿ ಭಾಗವೇ ಹೆಚ್ಚಿರುವ ಎಳೆಮರ ಬೇಗ ಕುಂಬಾಗುತ್ತದೆ. ಬುಡವನ್ನು ಬೆಂಕಿಯಲ್ಲಿ ಕರಿಕಲು ಮಾಡಿ ಹೂಳುವ ರೂಢಿಯೂ ಇದೆ. ಆದರೆ ಕರಿ ಪದರ ತೆಳು. ಬಿರುಕು ಬಿಟ್ಟಲ್ಲಿ ನೀರು ಒಳಗಿಳಿಯುತ್ತದೆ. ಅದೊಂದನ್ನೇ ನಂಬಿ ಕೂರುವಂತಿಲ್ಲ. ಸುಡುವುದಾದರೆ ನೆಲದಿಂದ ಮೇಲೆಯೂ ಗೇಣುದ್ದ ಸುಡಬೇಕು. ಗುಂಡಿಗೆ ಮಣ್ಣನ್ನು ಸ್ವಲ್ಪ ಸ್ವಲ್ಪವೇ ಹಾಕಿ ಜಡಿಯುತ್ತ ಬಂದು, ಕೊನೆಗೆ ಗೂಟದ ಸುತ್ತ ತುಸು ಏರಿಸಿದರೆ ಮಳೆನೀರು ಬುಡದಲ್ಲಿ ನಿಲ್ಲುವುದಿಲ್ಲ.

ದಬ್ಬೆಗೆ ಮುದಿ ಅಡಿಕೆ ಮರವೇ ಆಗಬೇಕು, ಅದರಲ್ಲೂ ಬುಡದ ಭಾಗ. ಸೀಳಿದ ಮೇಲೆ ಒಳಗಿನ ಮೆದು ತಿರುಳನ್ನು ಕತ್ತಿಯಿಂದ ಪೂರ್ತಿ ಕೆರೆದು ತೆಗೆಯಬೇಕು. ಈ ಕೆಲಸಕ್ಕೆ ಬೇಸರಪಟ್ಟವರ ಬೇಲಿ ಬಾಳುವುದಿಲ್ಲ; ತಿರುಳು ನೀರು ಹೀರಿಕೊಂಡು, ಒಳ್ಳೆಯ ದಬ್ಬೆಯನ್ನೂ ಕೊಳೆಸುತ್ತದೆ. ಗಟ್ಟಿ ಹೊರಮೈ ಮಳೆ ಹೊಡೆಯುವ ದಿಕ್ಕಿಗಿರಲಿ, ತುದಿ ನೆಲಕ್ಕೆ ತಾಗದಿರಲಿ.

ಓಡಾಡುವ ಕಡೆ ಉಣುಗೋಲು. ಉತ್ತರ ಕನ್ನಡದವರು ದಣಪೆ ಎನ್ನುತ್ತಾರೆ. ತೂತು ಕೊರೆದ ಎರಡು ಕಂಬಗಳಿಗೆ ಮೂರ್ನಾಲ್ಕು ಗಳ ಅಡ್ಡಲಾಗಿ ತೂರಿಸಿದರೆ ಮುಗಿಯಿತು. ಮನುಷ್ಯರು ಗಳ ಸರಿಸಿ ದಾಟುತ್ತಾರೆ, ದನ ಹೊರಗೇ ನಿಲ್ಲುತ್ತದೆ. ಕಬ್ಬಿಣದ ಗೇಟಿಗಿಂತ ಇದೇ ವಾಸಿ: ಗಳ ಮುರಿದರೆ ಇನ್ನೊಂದು ತೂರಿಸಿದರಾಯಿತು.

ಇಷ್ಟೆಲ್ಲ ಮಾಡಿದರೂ ಒಣಗೂಟಕ್ಕೆ ಆಯುಷ್ಯ ಕಡಿಮೆಯೇ. ಬದುಕಿರುವ ಗೂಟವೇ ಇದಕ್ಕೆ ಪರಿಹಾರ. ಹಾಲವಾಣದ ಕೊಂಬೆ ಊರಿದರೆ ಚಿಗುರಿ ಮರವಾಗುತ್ತದೆ, ಮೆಣಸಿನ ಬಳ್ಳಿಗೂ ಆಸರೆಯಾಗುತ್ತದೆ. 2005ರ ಈಚೆಗೆ ಎಲೆ, ಚಿಗುರುಗಳಲ್ಲಿ ಗಂಟು ಕಟ್ಟಿಸುವ ಪುಟ್ಟ ಕಣಜದ ಕಾಟದಿಂದ ದಕ್ಷಿಣ ಭಾರತದಲ್ಲಿ ಹಾಲವಾಣ ಸೊರಗಿತು. ಅದಕ್ಕೆ ಬದಲಾಗಿ ಗ್ಲಿರಿಸಿಡಿಯಾ ಊರಬಹುದು. ಬೇಲಿಯೂ ಆಯಿತು, ತೋಟಕ್ಕೆ ಸೊಪ್ಪೂ ಸಿಕ್ಕಿತು. ಹಸಿಗೂಟಕ್ಕೆ ಮಾತ್ರ ತಂತಿ ಬಿಗಿಯಬಾರದು, ಕಾಂಡ ದಪ್ಪವಾದಂತೆ ತಂತಿ ತೊಗಟೆಯನ್ನು ಕೊಯ್ಯುತ್ತದೆ. ಹಗ್ಗ ಕಟ್ಟಿ, ವರ್ಷಕ್ಕೊಮ್ಮೆ ಸಡಿಲಿಸಬೇಕು.

ಹೊಸದಾಗಿ ಬೇಲಿ ಹಾಕುವವರು ಒಣಗೂಟಗಳ ನಡುನಡುವೆ, ಮೊದಲ ಮಳೆ ಬಿದ್ದೊಡನೆ, ಒಂದೊಂದು ಹಸಿಗೂಟ ಊರಿಬಿಡಿ. ಒಣಗೂಟ ಕುಂಬಾಗುವ ಹೊತ್ತಿಗೆ ಅದು ಬೇರೂರಿ ಬೇಲಿಯ ಭಾರ ಹೊರುತ್ತದೆ.