ನೀಲಿ ಗುರುತು: ಅದು ಹೇಳುವುದೇನು, ಹೇಳದಿರುವುದೇನು?



ಕಳೆದ ಮಳೆಗಾಲಕ್ಕೆ ಮುಂಚೆ ನಮ್ಮ ಸಂಘದ ಸದಸ್ಯರೊಬ್ಬರು ಕಚೇರಿಗೆ ಬಂದು ಬಹಳ ಹೊತ್ತು ಮಾತಾಡದೆ ಕುಳಿತಿದ್ದರು. ಅವರದು ಎರಡು ಎಕರೆ ಅಡಿಕೆ ತೋಟ, ನಡುವೆ ಸ್ವಲ್ಪ ಕಾಫಿ. ಹಳದಿ ಎಲೆ ರೋಗದಿಂದ ತೋಟದ ಅರ್ಧಭಾಗ ಹಾಳಾಗಿತ್ತು. ಮರು ನಾಟಿಗೆಂದು ಒಳ್ಳೆಯ ಸಸಿ ಹುಡುಕುತ್ತಿದ್ದಾಗ ಫೇಸ್‌ಬುಕ್‌ನಲ್ಲಿ ಒಂದು ನರ್ಸರಿಯ ಪುಟ ಕಣ್ಣಿಗೆ ಬಿತ್ತು. ಹಸಿರು ಸಸಿಗಳ ಚಿತ್ರ, ಕೊಂಡವರ ಹೊಗಳಿಕೆ, ಪಕ್ಕದಲ್ಲಿ ನೀಲಿ ಬಣ್ಣದ ಸರಿ ಗುರುತು. 200 ಕುಬ್ಜ ತಳಿಯ ಸಸಿಗೆ ಮುಂಗಡವೆಂದು ರೂ. 12,000 ಕಳಿಸಿದರು. ಸಸಿ ಬರಲಿಲ್ಲ. ಫೋನು ಸ್ತಬ್ಧವಾಯಿತು. "ಗುರುತು ಇತ್ತಲ್ಲ, ಹಾಗಾಗಿ ನಂಬಿದೆ" ಎಂದರು.

ಪುಟವನ್ನು ತೆರೆಸಿ ನೋಡಿದೆವು. ಆ ಗುರುತು ಫೇಸ್‌ಬುಕ್ ಕೊಟ್ಟದ್ದೇ ಆಗಿರಲಿಲ್ಲ. ನರ್ಸರಿಯ ಚಿತ್ರದೊಳಗೇ ಯಾರೋ ಅದನ್ನು ಬರೆದು ಸೇರಿಸಿದ್ದರು. ಆದರೆ ಇದನ್ನು ಕಂಡುಹಿಡಿಯಲು ಕಚೇರಿಯಲ್ಲಿದ್ದ ನಮಗೂ ಅರ್ಧ ಗಂಟೆ ಹಿಡಿಯಿತು ಎಂಬುದನ್ನು ಒಪ್ಪಿಕೊಳ್ಳುತ್ತೇವೆ. ನಮಗೇ ತಿಳಿಯದ್ದನ್ನು ಸದಸ್ಯರು ತಿಳಿದಿರಬೇಕೆಂದು ಬಯಸುವುದು ನ್ಯಾಯವಲ್ಲ. ಆದ್ದರಿಂದ ಈ ಸಂಚಿಕೆಯ ಪಾಠವನ್ನು ಈ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

1. ಮುದ್ರೆ ಎಂದರೇನು?

ಮೊದಲು ಒಂದು ಗೊಂದಲ ನಿವಾರಿಸೋಣ. ವಾಟ್ಸ್ಆಪ್‌ನಲ್ಲಿ ನಾವು ಕಳಿಸಿದ ಸಂದೇಶದ ಬದಿಯಲ್ಲಿ ಬೀಳುವ ಎರಡು ನೀಲಿ ಗೀಟುಗಳಿಗೂ ಈ ಪಾಠಕ್ಕೂ ಸಂಬಂಧವಿಲ್ಲ. ಅವು ಸಂದೇಶವನ್ನು ಓದಲಾಗಿದೆ ಎಂದಷ್ಟೇ ಹೇಳುತ್ತವೆ. ಇಲ್ಲಿ ನಾವು ಹೇಳುತ್ತಿರುವುದು ಖಾತೆಯ ಹೆಸರಿನ ಪಕ್ಕದಲ್ಲಿ ಕಾಣುವ ದೃಢೀಕರಣದ ಗುರುತನ್ನು ಕುರಿತು.

ನಮ್ಮ ಸಂಘದ ತೂಕದ ಯಂತ್ರದ ಮೇಲೆ ಕಾನೂನು ಮಾಪನ ಇಲಾಖೆಯ ಮುದ್ರೆಯಿರುವುದನ್ನು ನೀವೆಲ್ಲ ಕಂಡಿದ್ದೀರಿ. ಯಂತ್ರ ಸರಿಯಾಗಿ ತೂಗುತ್ತದೆ ಎಂದು ಆ ಮುದ್ರೆ ಹೇಳುತ್ತದೆ. ಅದರ ಮೇಲಿಟ್ಟ ಮೂಟೆಯಲ್ಲಿರುವುದು ರಾಶಿಯೋ ಬೆಟ್ಟೆಯೋ, ಒಣಗಿದೆಯೋ ಬೂಸ್ಟು ಹಿಡಿದಿದೆಯೋ ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಮೂಟೆ ಬಿಚ್ಚಿ ಕೈಯಲ್ಲಿ ಹಿಡಿದೇ ನೋಡಬೇಕು.

ಖಾತೆಯ ಗುರುತೂ ಹಾಗೆಯೇ. ಬಹಳವೆಂದರೆ, ಈ ಖಾತೆ ಹೆಸರಿನಲ್ಲಿರುವ ವ್ಯಕ್ತಿಯದೇ ಎಂದು ಅದು ಹೇಳಬಹುದು. ಆ ವ್ಯಕ್ತಿ ಪ್ರಾಮಾಣಿಕನೆಂದಾಗಲಿ, ಅವನ ಸರಕು ಒಳ್ಳೆಯದೆಂದಾಗಲಿ ಹೇಳುವುದಿಲ್ಲ. ಶಾಲೆಯಲ್ಲಿ ಮೇಷ್ಟರು ಉತ್ತರ ಸರಿಯಿದ್ದರೆ ಇದೇ ಬಗೆಯ ಗೀಟು ಎಳೆಯುತ್ತಿದ್ದರು. ಅಂದಿನಿಂದ ನಮ್ಮ ಕಣ್ಣಿಗೆ ಈ ಆಕಾರ ಕಂಡರೆ ಮನಸ್ಸು "ಸರಿ" ಎಂದುಬಿಡುತ್ತದೆ. ಮೋಸಗಾರನಿಗೆ ಅನುಕೂಲವಾಗಿರುವುದು ಇದೇ.

2. ಗುರುತು ಹುಟ್ಟಿದ ಬಗೆ

ಈ ಪದ್ಧತಿ ಬೆಳೆದದ್ದು ಅಮೆರಿಕದಲ್ಲಿ. 2009ರಲ್ಲಿ ಟೋನಿ ಲಾ ರೂಸಾ ಎಂಬ ಹೆಸರಾಂತ ಬೇಸ್‌ಬಾಲ್ ತಂಡದ ವ್ಯವಸ್ಥಾಪಕರ ಹೆಸರಿನಲ್ಲಿ ಬೇರೆ ಯಾರೋ ಟ್ವಿಟರ್ ಖಾತೆ ತೆರೆದು ಅಸಭ್ಯವಾದ ಮಾತುಗಳನ್ನು ಬರೆದರು. ಲಾ ರೂಸಾ ಟ್ವಿಟರ್ ಕಂಪನಿಯ ಮೇಲೆ ದಾವೆ ಹೂಡಿದರು. ಅದೇ ವರ್ಷದ ಜೂನ್‌ನಲ್ಲಿ ಟ್ವಿಟರ್, ಹೆಸರಾಂತ ವ್ಯಕ್ತಿಗಳ ಹಾಗೂ ಸಂಸ್ಥೆಗಳ ಖಾತೆಗಳನ್ನು ಪರಿಶೀಲಿಸಿ ನೀಲಿ ಗುರುತು ಕೊಡುವುದಾಗಿ ಪ್ರಕಟಿಸಿತು. ಅಂದರೆ ಗುರುತಿನ ಮೂಲ ಉದ್ದೇಶ ಒಂದೇ: ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಮಾತಾಡದಂತೆ ತಡೆಯುವುದು.

ಆದರೆ ಕ್ರಮೇಣ ಜನ ಅದನ್ನು ಗೌರವದ ಬಿರುದಿನಂತೆ ಕಾಣತೊಡಗಿದರು. 2017ರ ನವೆಂಬರ್‌ನಲ್ಲಿ, ಷಾರ್ಲಟ್ಸ್‌ವಿಲ್‌ನ ಜನಾಂಗ ದ್ವೇಷದ ಮೆರವಣಿಗೆಯ ಸಂಘಟಕನೊಬ್ಬನಿಗೂ ಗುರುತು ಸಿಕ್ಕಾಗ ದೊಡ್ಡ ಗದ್ದಲವಾಯಿತು. ಗುರುತು ಕೊಡುತ್ತಿದ್ದುದು ಖಾತೆದಾರ ಯಾರೆಂದು ತೋರಿಸಲು, ಜನ ಅದನ್ನು ಮೆಚ್ಚುಗೆಯೆಂದು ತಿಳಿದರು ಎಂದು ಟ್ವಿಟರ್ ತಾನೇ ಹೇಳಿ, ಸಾರ್ವಜನಿಕರ ಅರ್ಜಿಗಳನ್ನು ನಿಲ್ಲಿಸಿತು. ಕೊಟ್ಟವರಿಗೇ ಈ ಗೊಂದಲ ಗೊತ್ತಿತ್ತು ಎಂಬುದನ್ನು ನಾವು ನೆನಪಿಡಬೇಕು.

3. ಅರ್ಥ ಬದಲಾದ ಬಗೆ

2022ರ ಅಕ್ಟೋಬರ್‌ನಲ್ಲಿ ಇಲಾನ್ ಮಸ್ಕ್ ಟ್ವಿಟರ್ ಕಂಪನಿಯನ್ನು ಕೊಂಡರು. ಮರು ತಿಂಗಳ 9ರಂದು, ತಿಂಗಳಿಗೆ ಸುಮಾರು 8 ಡಾಲರ್ ಕೊಟ್ಟವರಿಗೆ ನೀಲಿ ಗುರುತು ಕೊಡುವ ಕ್ರಮ ಅಲ್ಲಿ ಆರಂಭವಾಯಿತು. ಕೊಡುವವನು ಯಾರೆಂದು ನೋಡುವ ಏರ್ಪಾಡು ಇರಲಿಲ್ಲ. ಮರುದಿನವೇ ಯಾರೋ ಒಬ್ಬರು ಎಲಿ ಲಿಲ್ಲಿ ಎಂಬ ದೊಡ್ಡ ಔಷಧ ಕಂಪನಿಯ ಹೆಸರಿನಲ್ಲಿ ಗುರುತು ಸಹಿತ ಖಾತೆ ತೆರೆದು, ಇನ್ನು ಮುಂದೆ ಇನ್ಸುಲಿನ್ ಉಚಿತವೆಂದು ಬರೆದರು. ಸಕ್ಕರೆ ಕಾಯಿಲೆಯವರು ಪ್ರಾಣ ಉಳಿಸಿಕೊಳ್ಳಲು ಬಳಸುವ ಔಷಧ ಅದು. ನಿಜವಾದ ಕಂಪನಿ ಅದು ಸುಳ್ಳೆಂದು ಹೇಳಿ ಕ್ಷಮೆ ಕೋರಬೇಕಾಯಿತು. ಅದರ ಮರುದಿನ ಕಂಪನಿಯ ಷೇರಿನ ಬೆಲೆ ಶೇಕಡಾ 4ಕ್ಕೂ ಹೆಚ್ಚು ಇಳಿಯಿತು. ಇಳಿತಕ್ಕೆ ಇದೊಂದೇ ಕಾರಣವೆಂದು ಹೇಳಲಾಗದಿದ್ದರೂ, 8 ಡಾಲರಿನ ಗುರುತು ಎಬ್ಬಿಸಿದ ಗಲಿಬಿಲಿ ಎಷ್ಟೆಂಬುದು ಎಲ್ಲರಿಗೂ ಅರಿವಾಯಿತು.

ಆ ಯೋಜನೆಯನ್ನು ಕೆಲವು ದಿನ ತಡೆಹಿಡಿದು ಡಿಸೆಂಬರ್ 12ರಂದು ಮತ್ತೆ ಆರಂಭಿಸಿದರು. ವ್ಯಾಪಾರ ಸಂಸ್ಥೆಗಳಿಗೆ ಚಿನ್ನದ ಬಣ್ಣದ ಗುರುತು, ಸರಕಾರಗಳಿಗೆ ಬೂದು ಬಣ್ಣದ ಗುರುತು ಬಂದವು. 2023ರ ಏಪ್ರಿಲ್ 20ರಂದು ಹಳೆಯ ಉಚಿತ ಗುರುತುಗಳನ್ನು ತೆಗೆಯಲಾಯಿತು. ಅದೇ ಜುಲೈಯಲ್ಲಿ ಟ್ವಿಟರ್ ಹೆಸರು ಎಕ್ಸ್ ಎಂದಾಯಿತು. 2025ರ ಡಿಸೆಂಬರ್‌ನಲ್ಲಿ ಯೂರೋಪಿಯನ್ ಕಮಿಷನ್ ಎಕ್ಸ್‌ಗೆ 12 ಕೋಟಿ ಯೂರೋ ದಂಡ ವಿಧಿಸಿತು. ನೀಲಿ ಗುರುತು ಬಳಕೆದಾರರನ್ನು ದಾರಿ ತಪ್ಪಿಸುವಂತಿದೆ ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು.

ಒಂದೇ ಆಕಾರದ ಗುರುತು ಮೊದಲು ಪರಿಶೀಲನೆಯ ಫಲವಾಗಿತ್ತು, ಆಮೇಲೆ ಚಂದಾದ ರಸೀದಿಯಾಯಿತು. ಆಕಾರ ಬದಲಾಗಲಿಲ್ಲ, ಅರ್ಥ ಬದಲಾಯಿತು. ಅನೇಕರ ಮನಸ್ಸಿನಲ್ಲಿ ಹಳೆಯ ಅರ್ಥವೇ ಉಳಿದಿದೆ.

4. ಈಗ ಗುರುತು ಪಡೆಯುವುದು ಹೇಗೆ?

ಸ್ವಂತ ತೋಟದ ಕಾಫಿ ಪುಡಿ, ಕಾಳುಮೆಣಸು, ಜೇನುತುಪ್ಪಗಳನ್ನು ನೇರವಾಗಿ ಗಿರಾಕಿಗಳಿಗೆ ಮಾರುವ ಸದಸ್ಯರು ಕೆಲವರಿದ್ದಾರೆ. ಅವರ ಉಪಯೋಗಕ್ಕಾಗಿ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇವೆ.

(ಅ) ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ: ಇವೆರಡೂ ಮೆಟಾ ಕಂಪನಿಯವು. ಚಂದಾ ಕೊಟ್ಟು ಗುರುತು ಪಡೆಯುವ ಸೌಲಭ್ಯವನ್ನು ಭಾರತದಲ್ಲಿ 2023ರ ಜೂನ್‌ನಲ್ಲಿ ಆರಂಭಿಸಿದಾಗ ಮೊಬೈಲಿನಲ್ಲಿ ತಿಂಗಳಿಗೆ ರೂ. 699 ಇತ್ತು. ವ್ಯಕ್ತಿಯ ಖಾತೆಗಾದರೆ 18 ವರ್ಷ ತುಂಬಿರಬೇಕು. ಖಾತೆಯ ಹೆಸರು ಹಾಗೂ ಮುಖದ ಚಿತ್ರ ಸರಕಾರ ಕೊಟ್ಟ ಗುರುತಿನ ಚೀಟಿಗೆ ತಾಳೆಯಾಗಬೇಕು. ಎರಡು ಹಂತದ ಭದ್ರತೆ, ಅಂದರೆ ಗುಪ್ತಪದದ ಜೊತೆಗೆ ಇನ್ನೊಂದು ಸಂಕೇತವನ್ನೂ ಕೇಳುವ ಏರ್ಪಾಡು, ಚಾಲ್ತಿಯಲ್ಲಿರಬೇಕು. ನಮ್ಮಲ್ಲಿ ಎಡವುವುದು ಹೆಸರಿನಲ್ಲಿ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಮನೆತನದ ಹೆಸರು, ಮತ್ತೊಂದು ಕಡೆ ತೋಟದ ಹೆಸರು. ಅರ್ಜಿ ಹಾಕುವ ಮೊದಲು ಖಾತೆಯ ಹೆಸರನ್ನು ಚೀಟಿಯಲ್ಲಿರುವಂತೆ ಸರಿಪಡಿಸಿಕೊಳ್ಳಿ. ಗುರುತು ಬಂದ ಮೇಲೆ ಹೆಸರು ಬದಲಿಸಿದರೆ ಪರಿಶೀಲನೆ ಮತ್ತೆ ಮೊದಲಿನಿಂದ ಆಗಬೇಕು. ವ್ಯಾಪಾರದ ಖಾತೆಗಳಿಗೆ ಪ್ರತ್ಯೇಕ ಯೋಜನೆಯಿದೆ.

(ಆ) ಎಕ್ಸ್: ಇಲ್ಲಿ ನೀಲಿ ಗುರುತಿಗೆ ಚಂದಾದಾರರಾಗಬೇಕು. ಫೋನ್ ಸಂಖ್ಯೆ ದೃಢಪಟ್ಟಿರಬೇಕು, ಹೆಸರು ಮತ್ತು ಚಿತ್ರ ಇರಬೇಕು.

(ಇ) ಯೂಟ್ಯೂಬ್: ಇಲ್ಲಿ ಗುರುತಿಗೆ ಹಣವಿಲ್ಲ. ಆದರೆ ಒಂದು ಲಕ್ಷ ಚಂದಾದಾರರಾದ ಮೇಲಷ್ಟೇ ಅರ್ಜಿ ಹಾಕಬಹುದು. ಚಾನೆಲಿನ ಹೆಸರು ಬದಲಿಸಿದರೆ ಗುರುತು ಹೋಗುತ್ತದೆ.

ನಮ್ಮ ದೇಶದಲ್ಲಿ 2021ರ ಫೆಬ್ರುವರಿಯಲ್ಲಿ ಪ್ರಕಟವಾದ ಮಾಹಿತಿ ತಂತ್ರಜ್ಞಾನ ನಿಯಮಗಳೂ ಈ ವಿಷಯವನ್ನು ಹೇಳುತ್ತವೆ. ದೊಡ್ಡ ಜಾಲತಾಣಗಳು ಇಷ್ಟಪಟ್ಟ ಬಳಕೆದಾರರಿಗೆ ಮೊಬೈಲ್ ಸಂಖ್ಯೆ ಮುಂತಾದ ಆಧಾರದಿಂದ ಖಾತೆ ದೃಢೀಕರಿಸಿಕೊಳ್ಳಲು ಅವಕಾಶ ಕೊಡಬೇಕು, ಎಲ್ಲರಿಗೂ ಕಾಣುವ ಗುರುತನ್ನೂ ಕೊಡಬೇಕು ಎಂದು ಅವುಗಳಲ್ಲಿದೆ. ಇದು ಬಳಕೆದಾರರ ಇಷ್ಟಕ್ಕೆ ಬಿಟ್ಟದ್ದು. ಆದ್ದರಿಂದ ಗುರುತಿಲ್ಲದವನು ಕಳ್ಳನೆಂದು ಅರ್ಥವಲ್ಲ.

ಸಣ್ಣ ಬೆಳೆಗಾರನಿಗೆ ಇದು ಬೇಕೇ? ಲೆಕ್ಕ ಹಾಕಿ ನೋಡಿ. 2023ರ ಆರಂಭದ ದರವಾದ ತಿಂಗಳಿಗೆ ರೂ. 699ರಂತೆ ವರ್ಷಕ್ಕೆ ರೂ. 8,388 ಆಗುತ್ತಿತ್ತು. ಪರಿಚಯದ ಐವತ್ತು ಮನೆಗಳಿಗೆ ಪುಡಿ ಕಳಿಸುವವರಿಗೆ ಈ ಖರ್ಚು ಅನಗತ್ಯವೆಂದು ನಮ್ಮ ಅಭಿಪ್ರಾಯ. ದೂರದ ಊರುಗಳಿಗೆ ವ್ಯಾಪಾರ ಹರಡಿದ್ದು, ಹೆಸರನ್ನು ಬೇರೆಯವರು ಕದಿಯುವ ಭಯವಿದ್ದರೆ ಮಾತ್ರ ಯೋಚಿಸಬಹುದು. ಎರಡು ಹಂತದ ಭದ್ರತೆಗೆ ಮಾತ್ರ ಕಾಸೂ ಖರ್ಚಿಲ್ಲ. ಅದನ್ನು ಎಲ್ಲರೂ ಇಂದೇ ಮಾಡಿಕೊಳ್ಳಬೇಕು.

5. "ಗುರುತು ಕೊಡಿಸುತ್ತೇವೆ" ಎನ್ನುವವರು

ಗುರುತಿನ ಆಸೆಯೇ ಇನ್ನೊಂದು ಮೋಸಕ್ಕೆ ದಾರಿಯಾಗಿದೆ. "ನಿಮ್ಮ ಪುಟ ನಿಯಮ ಮೀರಿದೆ, 24 ಗಂಟೆಯಲ್ಲಿ ದೃಢೀಕರಿಸದಿದ್ದರೆ ಅಳಿಸಲಾಗುವುದು" ಎಂದು ಸಂದೇಶ ಬರುತ್ತದೆ. ಅದರಲ್ಲಿರುವ ಕೊಂಡಿ ಒತ್ತಿದರೆ ಫೇಸ್‌ಬುಕ್‌ನಂತೆಯೇ ಕಾಣುವ ಪುಟ ತೆರೆದು ಗುಪ್ತಪದ ಕೇಳುತ್ತದೆ. ಬರೆದು ಕೊಟ್ಟರೆ ಖಾತೆ ಅವರ ಪಾಲು. ಬಳಿಕ ನಿಮ್ಮದೇ ಹೆಸರಿನಲ್ಲಿ ನಿಮ್ಮ ಗಿರಾಕಿಗಳಿಂದ ಹಣ ಕೇಳುತ್ತಾರೆ. ಗುರುತಿನ ಅರ್ಜಿಯನ್ನು ಆಯಾ ಆಪ್‌ನ ಸೆಟ್ಟಿಂಗ್ಸ್‌ನೊಳಗೆ ನೀವೇ ಹೋಗಿ ಹಾಕಬೇಕು. ಮಧ್ಯವರ್ತಿ ಬೇಡ. ಗುಪ್ತಪದವನ್ನೂ ಫೋನಿಗೆ ಬರುವ ಒಟಿಪಿಯನ್ನೂ ಯಾರು ಕೇಳಿದರೂ ಕೊಡಬಾರದು.

6. ಪುಟವನ್ನು ಪರೀಕ್ಷಿಸುವ ಕ್ರಮ

ಗುರುತು ಇರಲಿ, ಇಲ್ಲದಿರಲಿ, ಹಣ ಕಳಿಸುವ ಮೊದಲು ಹೀಗೆ ನೋಡಿ:

ಒಂದು, ಗುರುತು ಎಲ್ಲಿದೆ? ನಿಜವಾದ ಗುರುತು ಖಾತೆಯ ಹೆಸರಿನ ಪಕ್ಕದಲ್ಲಿ ಜಾಲತಾಣವೇ ಇಟ್ಟದ್ದು. ಚಿತ್ರದೊಳಗಿರುವುದು ಗುರುತಲ್ಲ, ಬರೀ ಚಿತ್ರ.

ಎರಡು, ಪುಟದ ವಯಸ್ಸೆಷ್ಟು? ಫೇಸ್‌ಬುಕ್ ಪುಟದ "ಅಬೌಟ್" ವಿಭಾಗದಲ್ಲಿ ಪುಟ ತೆರೆದ ದಿನಾಂಕವೂ ಅದರ ಹಳೆಯ ಹೆಸರುಗಳೂ ಸಿಗುತ್ತವೆ. ಇನ್‌ಸ್ಟಾಗ್ರಾಂನಲ್ಲೂ ಖಾತೆ ತೆರೆದ ಕಾಲವನ್ನು ನೋಡಬಹುದು. ಮೂವತ್ತು ವರ್ಷದ ನರ್ಸರಿ ಎನ್ನುವವನ ಪುಟ ಕಳೆದ ತಿಂಗಳು ಹುಟ್ಟಿದ್ದರೆ, ಅಥವಾ ಮೊನ್ನೆಯವರೆಗೆ ಸಿನಿಮಾ ಹಾಡಿನ ಪುಟವಾಗಿದ್ದರೆ, ದೂರವಿರಿ.

ಮೂರು, ಹೊರಗಿನಿಂದ ಒಳಗೆ ಬನ್ನಿ. ಸಂಸ್ಥೆಯ ಹಳೆಯ ರಸೀದಿಯಲ್ಲೋ ಸ್ವಂತ ವೆಬ್‌ಸೈಟಿನಲ್ಲೋ ಇರುವ ಫೋನಿಗೆ ಕರೆ ಮಾಡಿ, "ಈ ಪುಟ ನಿಮ್ಮದೇ?" ಎಂದು ಕೇಳಿ. ಪುಟದಲ್ಲೇ ಕೊಟ್ಟ ಸಂಖ್ಯೆಗೆ ಕರೆ ಮಾಡಿದರೆ ಉತ್ತರಿಸುವವನು ಪುಟ ಮಾಡಿದವನೇ. ಸರಕಾರಿ ಸಂಸ್ಥೆಯಾದರೆ ವೆಬ್ ವಿಳಾಸ ಸಾಮಾನ್ಯವಾಗಿ "ಜಿಒವಿ ಡಾಟ್ ಇನ್" ಎಂದು ಮುಗಿಯುತ್ತದೆ. ಅಲ್ಲಿಂದ ಅವರ ಪುಟಕ್ಕೆ ಹೋಗಿ.

ನಾಲ್ಕು, ಹಣ ಯಾರ ಹೆಸರಿಗೆ ಹೋಗುತ್ತಿದೆ? ಯುಪಿಐಯಲ್ಲಿ ಹಣ ಪಡೆಯುವವನ ಹೆಸರು ಮೊದಲೇ ಕಾಣುತ್ತದೆ. ನರ್ಸರಿಯ ಹೆಸರಿನ ಬದಲು ಯಾರೋ ಅಪರಿಚಿತರ ಹೆಸರು ಬಂದರೆ ಅಲ್ಲೇ ನಿಲ್ಲಿಸಿ.

7. ಮೋಸವಾದರೆ

ನಾಚಿಕೆ ಪಡದೆ ಕೂಡಲೆ 1930 ಸಂಖ್ಯೆಗೆ ಕರೆ ಮಾಡಿ, ಇಲ್ಲವೆ ಕೇಂದ್ರ ಸರಕಾರದ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಕೊಡಿ. ಹಣ ಮೋಸಗಾರನ ಖಾತೆಯಲ್ಲಿ ಇನ್ನೂ ಇದ್ದರೆ ಅದನ್ನು ತಡೆಹಿಡಿಯಲು ಸಾಧ್ಯ. ಅದಕ್ಕೆ ಗಂಟೆಗಳ ಲೆಕ್ಕವೇ ಮುಖ್ಯ. ವ್ಯವಹಾರದ ಸಂಖ್ಯೆ, ಪುಟದ ಚಿತ್ರ, ಸಂದೇಶಗಳನ್ನು ಅಳಿಸಬೇಡಿ. ಬೇರೊಬ್ಬರಂತೆ ನಟಿಸಿ ಗಣಕದ ಮೂಲಕ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ವಿಧಿಯಂತೆ ಮೂರು ವರ್ಷದವರೆಗೆ ಸಜೆಯಾಗಬಹುದಾದ ಅಪರಾಧ.

ನಮ್ಮ ಸದಸ್ಯರು ಹನ್ನೊಂದು ದಿನ ಯಾರಿಗೂ ಹೇಳಿರಲಿಲ್ಲ. ಮನೆಯವರಿಗೂ ಹೇಳಿರಲಿಲ್ಲ. ಓದಿದವನಾಗಿ ಮೋಸ ಹೋದೆನೆಂದು ಜನ ನಗುತ್ತಾರೆಂಬ ಅಂಜಿಕೆ. ದೂರು ಕೊಡುವಷ್ಟರಲ್ಲಿ ಹಣ ಎಲ್ಲೆಲ್ಲಿಗೋ ಹೋಗಿತ್ತು. ಆ ರೂ. 12,000 ತಿರುಗಿ ಬಂದಿಲ್ಲ. ಈ ಪಾಠದಲ್ಲಿ ತಮ್ಮ ಪ್ರಸಂಗ ಸೇರಿಸಿರೆಂದು ಹೇಳಿದವರು ಅವರೇ. ಅವರಿಗೆ ನಾವು ಕೃತಜ್ಞರು.

ನಮ್ಮ ಸಂಘದ ಪುಟಕ್ಕೂ ನೀಲಿ ಗುರುತಿಲ್ಲ, ಸದ್ಯಕ್ಕೆ ಪಡೆಯುವ ಯೋಚನೆಯೂ ಇಲ್ಲ. ಬದಲಿಗೆ ಇನ್ನು ಮುಂದೆ ಪುಟದ ವಿಳಾಸವನ್ನೂ ಕಚೇರಿಯ ಫೋನ್ ಸಂಖ್ಯೆಯನ್ನೂ ಪ್ರತಿ ರಸೀದಿಯ ಬೆನ್ನಿಗೆ ಮುದ್ರಿಸಲಿದ್ದೇವೆ. ಸಂಘದ ಹೆಸರಿನಲ್ಲಿ ಬೇರೆ ಯಾವ ಪುಟ ಕಂಡರೂ, ಸಸಿ, ಗೊಬ್ಬರ, ಸಾಲವೆಂದು ಯಾರೇ ಮುಂಗಡ ಕೇಳಿದರೂ, ಹಣ ಕಳಿಸುವ ಮೊದಲು ಕಚೇರಿಗೆ ಒಂದು ಕರೆ ಮಾಡಿ ಕೇಳಿ. ಸಂತೆಯ ದಿನ ಫೋನು ಹಿಡಿದುಕೊಂಡು ಬಂದರೆ ಎರಡು ಹಂತದ ಭದ್ರತೆಯನ್ನು ನಮ್ಮ ಗುಮಾಸ್ತರು ಹಾಕಿಕೊಡುತ್ತಾರೆ. ಅದಕ್ಕೆ ಶುಲ್ಕವಿಲ್ಲ.