ಬೋವಜನ ಹೊಲವೂ ನೆಲೆತಪ್ಪಿದ ಸ್ತ್ರೀಯರೂ

ಪಾಠಭಾಗ: ರೂತಳು, 2ನೆಯ ಅಧ್ಯಾಯ



ಹಳದೀಪುರದ ಗದ್ದೆಗಳಲ್ಲಿ ಭತ್ತದ ಕೊಯಿಲು ಮುಗಿದ ಮೇಲೆ ಉದುರಿದ ತೆನೆಗಳನ್ನು ಆಯುವವರು ಯಾರೆಂಬದನ್ನು ನಾವೆಲ್ಲರೂ ಬಲ್ಲೆವು. ಸ್ವಂತ ಗದ್ದೆಯಿಲ್ಲದವರೇ ಅಲ್ಲವೇ. ರೂತಳು ಹಾಗೆಯೇ ಹಕ್ಕಲಾಯಲು ಹೋದವಳು. ಗಂಡನನ್ನು ಕಳಕೊಂಡವಳು, ಮೋವಾಬ ದೇಶದವಳು, ಬೇಥ್ಲೆಹೇಮಿನಲ್ಲಿ ಅತ್ತೆಯ ಹೊರತು ಆಸರೆಯಿಲ್ಲದವಳು. ಈ ಅಧ್ಯಾಯವನ್ನು ಬೋಧಿಸುವವರು ಆಕೆ ಹೊತ್ತುಕೊಂಡು ಹೋದ ಜವೆಗೋದಿಯ ಲೆಕ್ಕದಲ್ಲಿಯೇ ನಿಂತುಬಿಡುವದುಂಟು. ಬೋವಜನಾದರೋ ಅದಕ್ಕಿಂತ ಮೊದಲು ಬೇರೆ ಎರಡು ಸಂಗತಿಗಳನ್ನು ನೋಡಿಕೊಂಡನು. ಆಳುಗಳು ಆಕೆಯನ್ನು ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿದನು. ಬಾಯಾರಿದರೆ ಅವರು ಸೇದಿಟ್ಟ ನೀರನ್ನೇ ಕುಡಿಯಲೆಂದು ಹೇಳಿದನು. ಇದು 9ನೆಯ ವಚನದಲ್ಲಿದೆ. ತೆನೆಗಳನ್ನು ಬೇಕೆಂದೇ ಬೀಳಿಸಿರೆಂಬ ಅಪ್ಪಣೆಯು 16ನೆಯ ವಚನಕ್ಕೆ ಬರುತ್ತದೆ.

ನಮ್ಮ ಜಿಲ್ಲೆಯ ಮುಂಡಗೋಡಿನಲ್ಲಿರುವ ಟಿಬೆಟಿನವರನ್ನು ನಿಮ್ಮಲ್ಲಿ ಕೆಲವರು ನೋಡಿದ್ದೀರಿ. 1959ರಲ್ಲಿ ದೇಶಬಿಟ್ಟು ಬಂದವರಲ್ಲಿ ಅನೇಕರು ಮೊದಲು ಹಿಮಾಲಯದ ಕಡೆ ರಸ್ತೆಯ ಕೆಲಸಕ್ಕೆ ಹೋದರು. ತಾಯಂದಿರು ಕಲ್ಲೊಡೆಯುತ್ತಿರಲು ಶಿಶುಗಳು ಬಿಡಾರದಲ್ಲಿ ರೋಗದಿಂದ ಸೊರಗಿದವು. 1960ರ ಮೇ ತಿಂಗಳಲ್ಲಿ ಅಂಥ 51 ಮಕ್ಕಳನ್ನು ಧರ್ಮಶಾಲೆಗೆ ತರಿಸಲಾಗಿ, ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ಅವರನ್ನು ಸಾಕುವ ಭಾರವನ್ನು ಹೊತ್ತರು. ಮುಂಡಗೋಡಿನಲ್ಲಿ ಭೂಮಿ ದೊರೆತು ನೆಲಸಿದ್ದು 1966ರಲ್ಲಿ. ಕೂಸುಗಳು ಅಷ್ಟು ಕಾಲ ಕಾದಿರಲಾರವು.

ನಮ್ಮ ಪಡುವಣ ಸಮುದ್ರದ ಆಚೆಯ ಸೊಮಾಲಿಯಾ ದೇಶದಲ್ಲಿಯೂ ಇಂಥದೇ. 1991ರಲ್ಲಿ ಅಲ್ಲಿಯ ಸರಕಾರ ಬಿದ್ದು ಒಳಯುದ್ಧ ಹಬ್ಬಲು, ಜನರು ನೆರೆಯ ಕೆನ್ಯಾಕ್ಕೆ ಓಡಿದರು. ದದಾಬ್ ಎಂಬಲ್ಲಿಯ ಬಿಡಾರಗಳಲ್ಲಿ ಅವರಿಗೆ ಧಾನ್ಯ ಹಂಚಿದರು. ಸರಿ, ಬೇಯಿಸುವದಕ್ಕೆ ಕಟ್ಟಿಗೆ? ಕಟ್ಟಿಗೆಗೆಂದು ಕುರುಚಲು ಕಾಡಿಗೆ ಹೋದ ಸ್ತ್ರೀಯರ ಮಾನವನ್ನು ದರೋಡೆಗಾರರು ಕೆಡಿಸಿದರು. ಕೆಲವು ವರುಷಗಳಾದ ಮೇಲೆಯೇ ವಿಶ್ವಸಂಸ್ಥೆಯವರು ಕಟ್ಟಿಗೆಯನ್ನೂ ಹಂಚತೊಡಗಿದರು. 90,000 ಮಂದಿಗೆಂದು ಮಾಡಿದ ಆ ಬಿಡಾರಗಳಲ್ಲಿ 2011ರ ಬರಗಾಲದಲ್ಲಿ 4 ಲಕ್ಷಕ್ಕಿಂತ ಹೆಚ್ಚು ಜನರಿದ್ದರು. ಧಾನ್ಯ ಕೊಟ್ಟವರು ಕೆಟ್ಟವರಲ್ಲ. 16ನೆಯ ವಚನವನ್ನು 9ನೆಯದಕ್ಕಿಂತ ಮುಂಚೆ ಓದಿದರು, ಅಷ್ಟೇ.

ರೂತಳು ಇಸ್ರಾಯೇಲಿನ ದೇವರನ್ನು ನಂಬಿದ್ದಳಲ್ಲಾ, ಇವರು ಬೌದ್ಧರು, ಮುಸಲ್ಮಾನರು ಎಂದು ಯಾರಾದರೂ ಹೇಳಿಯಾರು. ಆಕೆ ನಂಬಿದ್ದು ನಿಜವೇ. ಆದರೆ ಹಕ್ಕಲನ್ನು ಬಡವರಿಗೂ ಪರದೇಶಿಗೂ ಬಿಡಬೇಕೆಂಬ ಯಾಜಕಕಾಂಡ 19ನೆಯ ಅಧ್ಯಾಯದ ನಿಯಮದಲ್ಲಿ ಅಂಥ ಶರತ್ತು ಇಲ್ಲ.

ದೂರದೇಶದ ಮಾತು ಇರಲಿ. ಹೆದ್ದಾರಿಯ ಕೆಲಸಕ್ಕೆ ಬಯಲುಸೀಮೆಯಿಂದ ಕುಟುಂಬಗಳು ಬಂದು ತಗಡಿನ ಬಿಡಾರಗಳಲ್ಲಿ ಇದ್ದಾಗ, ಒಬ್ಬ ಹೆಂಗಸು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಕೊಡ ಹಿಡಿದು ನಮ್ಮವರೊಬ್ಬರ ಬಾವಿಗೆ ಬಂದಳು. ಅವಳನ್ನು ಹಿಂದಕ್ಕೆ ಕಳುಹಿಸಿದರು. ನಾವೂ ಅಲ್ಲಿದ್ದೆವು, ಏನೂ ಹೇಳಲಿಲ್ಲ. ಊರಬಾವಿಯ ಹತ್ತಿರ ಬರಬೇಡವೆಂದು ನಮ್ಮ ಅಜ್ಜಂದಿರಿಗೆ ಹೇಳಿದ ಕಾಲವೂ ಒಂದಿತ್ತು.

ಕೊಯಿಲುಹಬ್ಬದ ಕಾಣಿಕೆಯನ್ನು ಹಂಚುವ ಕೂಟಕ್ಕೆ ಬರುವ ಮುಂಚೆ ಈ ಅಧ್ಯಾಯವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿರಿ. ಈ ವರುಷ ನಮ್ಮ ಊರಲ್ಲಿ ಬಿಡಾರ ಹಾಕಿದವರು ಎಷ್ಟು ಮಂದಿ, ಅವರ ಹೆಂಗಸರು ನೀರನ್ನು ಎಲ್ಲಿಂದ ತರುತ್ತಾರೆ, ಕತ್ತಲಾದ ಮೇಲೆ ಎಲ್ಲಿಗೆ ಹೋಗುತ್ತಾರೆಂಬದನ್ನು ವಿಚಾರಿಸಿಕೊಂಡು ಬನ್ನಿರಿ.